ಆಂಕರೇಜಿನ ಮೂರು ನಿಮಿಷ

ಡಿಸೆಂಬರ್ ತಿಂಗಳ ಆಂಕರೇಜಿನಲ್ಲಿ ಸೂರ್ಯ ಹುಟ್ಟುವುದು ಬೆಳಗಿನ ಹತ್ತು ಗಂಟೆಗೆ. ಮಧ್ಯಾಹ್ನ ಮೂರೂ ಮುಕ್ಕಾಲರ ಹೊತ್ತಿಗೆಲ್ಲ ಆತ ಮುಳುಗಿಯೂ ಬಿಡುತ್ತಾನೆ. ನಡುವಿನ ಐದೂವರೆ ಗಂಟೆಯ ಹಗಲು ಕೂಡ ದಿಗಂತಕ್ಕೆ ಅಂಟಿಕೊಂಡು ಸಾಗುವ ಮಂಕು ಬಿಸಿಲು, ಅಷ್ಟೆ. ಇಂಥ ಕತ್ತಲಲ್ಲೇ, ಸೂರ್ಯನಿಗಿಂತ ಎರಡು ಗಂಟೆ ಮೊದಲು, ನಗರದ ಸಭಾಂಗಣವೊಂದರಲ್ಲಿ ಜನ ಸೇರಿರುತ್ತಾರೆ. ಹಡಗಿನ ಮಾಲೀಕರು, ದೋಣಿಯ ನಾಯಕರು, ಮೀನು ಕಾರ್ಖಾನೆಯವರು, ವಕೀಲರು, ವಿಜ್ಞಾನಿಗಳು. ಜೊತೆಗೆ ಪುಟ್ಟ ವಿಮಾನಗಳಲ್ಲಿ ನೂರಾರು ಕಿಲೋಮೀಟರ್ ದೂರದ ಹಳ್ಳಿಗಳಿಂದ ಬಂದ ಮೂಲನಿವಾಸಿಗಳು. ಎಲ್ಲರೂ ಬಂದಿರುವುದು ಒಂದೇ ಲೆಕ್ಕಕ್ಕಾಗಿ. ಮುಂದಿನ ವರ್ಷ ಕಡಲಿನಿಂದ ಎಷ್ಟು ಮೀನು ಎತ್ತಬಹುದು, ಎಷ್ಟನ್ನು ಬಿಡಬೇಕು?

ಅಮೆರಿಕದ ಅಲಾಸ್ಕ ರಾಜ್ಯದ ಅತಿ ದೊಡ್ಡ ನಗರ ಆಂಕರೇಜ್. ಇದು ದೆನೈನಾ ಬುಡಕಟ್ಟಿನವರ ನೆಲ. 1778ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ಅಟ್ಲಾಂಟಿಕ್ಕಿಗೆ ದಾರಿ ಹುಡುಕುತ್ತ ಇಲ್ಲಿನ ಕೊಲ್ಲಿಯೊಳಗೆ ಬಂದು, ದಾರಿ ಕಾಣದೆ ಹಿಂತಿರುಗಿದ. ಕೊಲ್ಲಿಗೆ ಅವನದೇ ಹೆಸರು. ಭರತ ಇಳಿತಗಳ ನಡುವೆ ನೀರು ಒಂಬತ್ತು ಮೀಟರಿನಷ್ಟು ಏರಿಳಿಯುವ ಜಾಗವಿದು. ಮೂರು ಅಂತಸ್ತಿನ ಮನೆಯೊಂದು ದಿನಕ್ಕೆರಡು ಬಾರಿ ಮುಳುಗಿ ಏಳುವಷ್ಟು! ಊರು ಹುಟ್ಟಿದ್ದು 1915ರಲ್ಲಿ, ಶಿಪ್ ಕ್ರೀಕ್ ಎಂಬ ಹೊಳೆಯ ದಂಡೆಯ ಮೇಲೆ ರೈಲುಹಳಿ ಹಾಕಲು ಬಂದ ಕೂಲಿಗಳ ಡೇರೆಗಳಿಂದ. 1964ರ ಮಾರ್ಚ್ 27ರಂದು 9.2 ಪ್ರಮಾಣದ ಭೂಕಂಪ ಊರಿನ ಬೀದಿಗಳನ್ನೇ ಸೀಳಿತು. ಊರು ಮತ್ತೆ ಎದ್ದಿತು. ಶಿಪ್ ಕ್ರೀಕ್ ಈಗಲೂ ರೈಲು ಅಂಗಳದ ಪಕ್ಕದಲ್ಲಿ, ದೊಡ್ಡ ಹೋಟೆಲುಗಳಿಂದ ನಡೆದು ಹೋಗುವಷ್ಟು ಸಮೀಪದಲ್ಲಿ, ಹರಿಯುತ್ತಿದೆ. ಬೇಸಗೆಯಲ್ಲಿ ಅದರಲ್ಲಿ ಸಾಲ್ಮನ್ ಮೀನುಗಳು ಕಡಲಿನಿಂದ ಏರಿ ಬರುತ್ತವೆ.

ಈ ಸಭೆಗಳ ಮೂಲ 1976ರ ಒಂದು ಕಾನೂನಿನಲ್ಲಿದೆ. ಅದಕ್ಕೆ ಮೊದಲು ಅಲಾಸ್ಕದ ಕಡಲಲ್ಲಿ ಜಪಾನ್ ಮತ್ತು ಸೋವಿಯತ್ ಒಕ್ಕೂಟದ ಭಾರಿ ಹಡಗುಗಳು ಬಲೆ ಎಳೆಯುತ್ತಿದ್ದವು. ಆ ವರ್ಷದ ಏಪ್ರಿಲ್‌ನಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಕಾನೂನು, ದಡದಿಂದ 200 ನಾಟಿಕಲ್ ಮೈಲಿಯವರೆಗಿನ ಮೀನಿನ ಮೇಲೆ ಅಮೆರಿಕದ ಹಕ್ಕನ್ನು ಸಾರಿತು. ಇಂದು ಅದನ್ನು ವಾರೆನ್ ಮ್ಯಾಗ್ನುಸನ್ ಮತ್ತು ಟೆಡ್ ಸ್ಟೀವನ್ಸ್ ಎಂಬ ಇಬ್ಬರು ಸೆನೆಟರುಗಳ ಹೆಸರಿನಿಂದ ಕರೆಯುತ್ತಾರೆ. ಕಡಲನ್ನು ವಾಷಿಂಗ್ಟನ್‌ನಿಂದಲೇ ಆಳುವ ಬದಲು ಎಂಟು ಪ್ರಾದೇಶಿಕ ಮಂಡಳಿಗಳನ್ನು ರಚಿಸಿ, ಅವು ಬಹಿರಂಗ ಸಭೆಯಲ್ಲೇ ಕೆಲಸ ಮಾಡಬೇಕು ಎಂದು ವಿಧಿಸಿದ್ದು ಅದರ ವಿಶೇಷ.

ಅಲಾಸ್ಕದ ಕಡಲು ಉತ್ತರ ಪೆಸಿಫಿಕ್ ಮಂಡಳಿಗೆ ಸೇರಿದೆ. ವರ್ಷಕ್ಕೆ ಐದು ಸಭೆ; ಹೆಚ್ಚಿನವು ಆಂಕರೇಜಿನಲ್ಲಿ. ಮತ ಹಾಕುವವರು ಹನ್ನೊಂದು ಮಂದಿ. ಅಲಾಸ್ಕ, ವಾಷಿಂಗ್ಟನ್, ಆರೆಗಾನ್ ರಾಜ್ಯಗಳ ಮೀನುಗಾರಿಕೆ ಇಲಾಖೆಯವರು ಮೂವರು, ಕೇಂದ್ರದ ಮೀನುಗಾರಿಕೆ ಸೇವೆಯವರೊಬ್ಬರು. ಉಳಿದ ಏಳು ಜನ ರಾಜ್ಯಪಾಲರು ಕಳಿಸಿದ ಪಟ್ಟಿಯಿಂದ ವಾಣಿಜ್ಯ ಸಚಿವರು ಆರಿಸಿದವರು. ಇವರಲ್ಲಿ ಮೀನಿನ ವ್ಯವಹಾರದವರೂ ಇರುತ್ತಾರೆ. ಕುರಿ ಕಾಯಲು ತೋಳನೇ ಎಂದು ಕೇಳುವವರಿದ್ದಾರೆ. ಕಡಲನ್ನು ಬಲ್ಲವರೇ ಕಡಲಿನ ಬಗ್ಗೆ ತೀರ್ಮಾನಿಸಲಿ ಎನ್ನುವುದು ಕಾನೂನು ಮಾಡಿದವರ ಉತ್ತರ. ಆದರೆ ಆ ತೋಳಕ್ಕೂ ಒಂದು ಕಟ್ಟು ಇದೆ. ವಿಜ್ಞಾನಿಗಳ ಸಮಿತಿ ಹೇಳಿದ ಮಿತಿಯನ್ನು ಮಂಡಳಿ ಇಳಿಸಬಹುದು, ಏರಿಸುವಂತಿಲ್ಲ.

ಕಡಲೊಳಗಿನ ಮೀನನ್ನು ಎಣಿಸುವುದು ಹೇಗೆ? ಬೇರಿಂಗ್ ಸಮುದ್ರದ ತಳವನ್ನು ಚದುರಂಗದ ಹಲಗೆಯಂತೆ, ಸುಮಾರು 37 ಕಿಲೋಮೀಟರ್ ಬದಿಯ ಮನೆಗಳಾಗಿ ಭಾಗ ಮಾಡಿಕೊಂಡಿದ್ದಾರೆ. ಬೇಸಗೆಯಲ್ಲಿ ಸಂಶೋಧನಾ ತಂಡಗಳು ಮನೆಯಿಂದ ಮನೆಗೆ ಹೋಗಿ ಅರ್ಧ ಗಂಟೆ ಬಲೆ ಎಳೆಯುತ್ತವೆ. ಬಿದ್ದದ್ದನ್ನು ತೂಗಿ, ಅಳೆದು, ಮೀನಿನ ಕಿವಿಯೊಳಗಿನ ಸಣ್ಣ ಕಲ್ಲನ್ನು ತೆಗೆದು ಅದರ ಉಂಗುರಗಳಿಂದ ವಯಸ್ಸು ಕಂಡುಹಿಡಿಯುತ್ತಾರೆ, ಮರದ ಕಾಂಡದಲ್ಲಿ ವರ್ಷ ಎಣಿಸುವಂತೆ. ಬಿತ್ತನೆಗೆ ಎತ್ತಿಟ್ಟ ರಾಗಿಗೆ ಕೈ ಹಾಕದೆ ಎಷ್ಟು ಉಣ್ಣಬಹುದೆಂಬ ಲೆಕ್ಕ ಹೀಗೆ ಸಿದ್ಧವಾಗುತ್ತದೆ. ಅದರ ಮೇಲೆ ಇನ್ನೊಂದು ಬೀಗವೂ ಇದೆ. ಮೀನು ಎಷ್ಟೇ ಸಮೃದ್ಧವಾಗಿರಲಿ, ಬೇರಿಂಗ್ ಸಮುದ್ರ ಮತ್ತು ಅಲ್ಯೂಷಿಯನ್ ದ್ವೀಪಗಳ ಸುತ್ತ ತಳಮೀನುಗಳ ಒಟ್ಟು ಹಿಡಿತ ವರ್ಷಕ್ಕೆ 20 ಲಕ್ಷ ಟನ್ನು ದಾಟಬಾರದು. ಡಿಸೆಂಬರ್ ಸಭೆಯಲ್ಲಿ ಈ ಪಾತ್ರೆಯೊಳಗೆ ಯಾವ ಮೀನಿಗೆ ಎಷ್ಟು ಜಾಗ ಎಂಬುದು ನಿಗದಿಯಾಗುತ್ತದೆ.

ಪಾತ್ರೆಯ ಬಹುಭಾಗ ಪೊಲಾಕ್ ಎಂಬ ಮೀನಿಗೆ. 2023ರಲ್ಲಿ 13 ಲಕ್ಷ ಟನ್. ಹೆಸರು ಕೇಳದವರೂ ಇದನ್ನು ತಿಂದಿರುತ್ತಾರೆ: ಕರಿದ ಮೀನಿನ ತುಂಡು, ಏಡಿಯ ಮಾಂಸದಂತೆ ತೋರುವ ಸುರಿಮಿ, ಎಲ್ಲ ಇದರಿಂದಲೇ. ತೂಕದ ಲೆಕ್ಕದಲ್ಲಿ ಇದು ಅಮೆರಿಕದ ಅತಿ ದೊಡ್ಡ ಮೀನುಗಾರಿಕೆ. ತೊಡಕು ಇರುವುದು ಬಲೆಯಲ್ಲಿ. ಪೊಲಾಕ್‌ಗಾಗಿ ಬೀಸಿದ ಟ್ರಾಲ್ ಬಲೆಗೆ ಸಾಲ್ಮನ್ ಕೂಡ ಸಿಕ್ಕಿಬೀಳುತ್ತದೆ. ಅದನ್ನು ಮಾರುವಂತಿಲ್ಲ, ಎಣಿಸಬೇಕು, ಅಷ್ಟೆ. ಬಯಸದೆ ಸಿಕ್ಕ ಈ ಮೀನಿಗೆ ಅಲ್ಲಿ ‘ಬೈಕ್ಯಾಚ್’ ಎನ್ನುತ್ತಾರೆ.

ಹಡಗಿಗೆ ಬೇಡವಾದ ಆ ಸಾಲ್ಮನ್ ಯೂಕಾನ್ ನದಿಯ ಹಳ್ಳಿಗಳಿಗೆ ಅನ್ನ. ಸುಮಾರು 3,200 ಕಿಲೋಮೀಟರ್ ಉದ್ದದ ಈ ನದಿಯ ದಂಡೆಯಲ್ಲಿ ಯೂಪಿಕ್ ಮತ್ತು ಅಥಬಾಸ್ಕನ್ ಜನ ಬೇಸಗೆಯ ಬಿಡಾರ ಹೂಡಿ, ಏರಿ ಬರುವ ಮೀನು ಹಿಡಿದು, ಸೀಳಿ, ಒಣಗಿಸಿ, ಹೊಗೆಯಿಟ್ಟು ಚಳಿಗಾಲಕ್ಕೆ ಕಟ್ಟಿಡುತ್ತಾರೆ. ಅಜ್ಜಿ ಮೊಮ್ಮಗಳಿಗೆ ಚಾಕು ಹಿಡಿಯುವುದನ್ನು ಕಲಿಸುವುದೂ ಆ ಬಿಡಾರದಲ್ಲೇ. 2020ರ ನಂತರ ಮೀನು ಬರುವುದು ಕುಸಿದುಬಿದ್ದಿತು. 2021ರಲ್ಲಿ ಮನೆಯ ಊಟಕ್ಕೂ ಸಾಲ್ಮನ್ ಹಿಡಿಯಬಾರದೆಂಬ ನಿರ್ಬಂಧ ಬಂತು. 2024ರಲ್ಲಿ ಅಲಾಸ್ಕ ಮತ್ತು ಕೆನಡಾ ಯೂಕಾನಿನ ಚಿನೂಕ್ ಎಂಬ ದೊಡ್ಡ ಸಾಲ್ಮನ್‌ಗೆ ಏಳು ವರ್ಷದ ವಿರಾಮ ಘೋಷಿಸಿದವು. ಏಳು ವರ್ಷ ಎಂದರೆ ಚಿನೂಕಿನ ಒಂದು ಪೂರ್ತಿ ಜೀವನಚಕ್ರ. ಮನುಷ್ಯರ ಲೆಕ್ಕದಲ್ಲಿ, ಇಂದು ಎಂಟರ ಹುಡುಗಿ ಹದಿನೈದಾಗುವವರೆಗೆ ಚಾಕು ಹಿಡಿಯುವುದನ್ನು ಕಲಿಯುವುದಿಲ್ಲ ಎಂದಾಯಿತು.

ಆ ಹಳ್ಳಿಗಳಿಂದ ಆಂಕರೇಜಿಗೆ ರಸ್ತೆ ಇಲ್ಲ. ಪುಟ್ಟ ವಿಮಾನದಲ್ಲಿ ದೊಡ್ಡ ಊರಿಗೆ, ಅಲ್ಲಿಂದ ಇನ್ನೊಂದು ವಿಮಾನದಲ್ಲಿ ನಗರಕ್ಕೆ. ಹವೆ ಕೆಟ್ಟರೆ ಅಲ್ಲಲ್ಲೇ ತಂಗಬೇಕು. ಇಷ್ಟೆಲ್ಲ ಪಟ್ಟು ಬಂದವರು ಹೆಸರು ಬರೆಸಿ ಸರದಿ ಕಾಯುತ್ತಾರೆ. ಸರದಿ ಬಂದಾಗ ಮಂಡಳಿಯ ಮುಂದೆ ಸಿಗುವ ಅವಧಿ ಮೂರು ನಿಮಿಷ. ಸಂಘಸಂಸ್ಥೆಯ ಪರವಾಗಿ ಬಂದವರಿಗೆ ಆರು. ಕೋಟ್ಯಂತರ ಡಾಲರಿನ ಹಡಗಿನ ಒಡೆಯನಿಗೂ ಅಷ್ಟೇ, ಹಳ್ಳಿಯ ಮುದುಕಿಗೂ ಅಷ್ಟೇ. ಮಾತು ಮುಗಿದ ಮೇಲೆ ಸದಸ್ಯರು ಪ್ರಶ್ನೆ ಕೇಳಿದರೆ ಉತ್ತರಕ್ಕೆ ಬೇರೆ ಸಮಯವುಂಟು. ಹಾಗಾಗಿ ಸಭೆಯನ್ನು ಬಲ್ಲವರು ಗಡಿಯಾರ ನೋಡುವುದಿಲ್ಲ, ಯಾರು ಪ್ರಶ್ನೆ ಕೇಳುತ್ತಾರೆಂದು ನೋಡುತ್ತಾರೆ. ಒಂದೂ ಪ್ರಶ್ನೆ ಬಾರದೆ ಎದ್ದು ಹೋಗುವುದು ಮೂರು ನಿಮಿಷಕ್ಕಿಂತ ಭಾರವಾದ ಸಂಗತಿ. ಹನ್ನೊಂದು ಕುರ್ಚಿಗಳಲ್ಲಿ ಮೂಲನಿವಾಸಿಗಳಿಗೆಂದೇ ಕಾನೂನು ಕಾದಿರಿಸಿದ ಕುರ್ಚಿ ಒಂದೂ ಇಲ್ಲ. ದಕ್ಷಿಣದ ನೆರೆಯ ಪೆಸಿಫಿಕ್ ಮಂಡಳಿಯಲ್ಲಿ ಅಂಥದೊಂದು ಕುರ್ಚಿ ಇದೆ ಎಂಬುದನ್ನು ಹಳ್ಳಿಯವರು ಮರೆತಿಲ್ಲ.

ಹಡಗಿನವರ ಮಾತೂ ಪೊಳ್ಳಲ್ಲ. ಹಿಡಿದ ಸಾಲ್ಮನ್‌ಗಳ ವಂಶವಾಹಿ ಪರೀಕ್ಷೆ ನಡೆಯುತ್ತದೆ. 2021ರಲ್ಲಿ ಬಲೆಗೆ ಬಿದ್ದ ಚಮ್ ಜಾತಿಯ ಸಾಲ್ಮನ್ ಐದು ಲಕ್ಷಕ್ಕೂ ಹೆಚ್ಚು. ಆದರೆ ಅವುಗಳಲ್ಲಿ ಪಶ್ಚಿಮ ಅಲಾಸ್ಕದ ನದಿಗಳವು ಹತ್ತರಲ್ಲಿ ಒಂದು ಪಾಲಿನಷ್ಟು. ಹೆಚ್ಚಿನವು ಜಪಾನ್, ರಷ್ಯಾ ಕಡೆಯಿಂದ ಬಂದವು. ನದಿ ಬರಿದಾಗಲು ಬೆಚ್ಚಗಾದ ಕಡಲೇ ದೊಡ್ಡ ಕಾರಣ ಎನ್ನುತ್ತಾರೆ ವಿಜ್ಞಾನಿಗಳು. ಇದಕ್ಕೆ ಹಳ್ಳಿಯವರ ಮರುಮಾತು ಸರಳ: ಕಡಲಿನ ಬಿಸಿಗೆ ಮಂಡಳಿ ಮಿತಿ ಹಾಕಲಾರದು, ಬಲೆಗೆ ಹಾಕಬಲ್ಲದು, ನಮ್ಮ ಪಾಲಿಗೆ ಒಂದೂ ಮೀನಿಲ್ಲದಿರುವಾಗ ಹತ್ತರಲ್ಲೊಂದು ಸಣ್ಣದೇ?

ಇನ್ನೊಂದು ಗಂಟೂ ಇದೆ. 1992ರಿಂದ ಪೊಲಾಕ್ ಹಿಡಿತದ ಒಂದು ಪಾಲನ್ನು ಬೇರಿಂಗ್ ಕರಾವಳಿಯ ಹಳ್ಳಿಗಳಿಗೆ ಮೀಸಲಿಡಲಾಗಿದೆ. ಈಗ ಅದು ನೂರಕ್ಕೆ ಹತ್ತು. ಫಲಾನುಭವಿಗಳು 65 ಹಳ್ಳಿಗಳು. ಆ ಹಣದಿಂದ ಅಲ್ಲಿ ಉದ್ಯೋಗ, ವಿದ್ಯಾರ್ಥಿವೇತನ ನಡೆಯುತ್ತವೆ. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬ ಸ್ಥಿತಿ ಅವರದು. ಹೊಳೆಯ ಮೇಲಣ ಹಳ್ಳಿಗಳಿಗೆ ಆ ಪಾಲೂ ಇಲ್ಲ, ಮೀನೂ ಇಲ್ಲ. ಒಂದೇ ನದಿಯ ಜನ ಒಂದೇ ಸಭೆಯಲ್ಲಿ ಬೇರೆ ಬೇರೆ ಮಾತು ಆಡಬೇಕಾಗುತ್ತದೆ.

ಹಾಗಾದರೆ ಮೂರು ನಿಮಿಷದ ಮಾತಿಗೆ ಫಲವೇ ಇಲ್ಲವೆ? ಇದೆ. 2007ರಲ್ಲಿ ಪೊಲಾಕ್ ಬಲೆಗೆ 1 ಲಕ್ಷ 20 ಸಾವಿರಕ್ಕೂ ಹೆಚ್ಚು ಚಿನೂಕ್ ಬಿದ್ದಾಗ ಸಭೆಯಲ್ಲಿ ದೊಡ್ಡ ಕೂಗೆದ್ದಿತು. 2009ರ ಏಪ್ರಿಲ್‌ನಲ್ಲಿ ಮಂಡಳಿ ಮತ ಹಾಕಿತು. 2011ರಿಂದ ಜಾರಿಗೆ ಬಂದ ನಿಯಮದಂತೆ ಗರಿಷ್ಠ ಮಿತಿ 60,000. ಪ್ರತಿ ಪೊಲಾಕ್ ಹಡಗಿನಲ್ಲೂ ವೀಕ್ಷಕರಿರಬೇಕು, ಪ್ರತಿ ಸಾಲ್ಮನ್ ಎಣಿಕೆಯಾಗಬೇಕು ಎಂದು ಆಗ ಆ ನಿಯಮ ವಿಧಿಸಿತು. ನದಿ ಸೊರಗಿದ ವರ್ಷಗಳಲ್ಲಿ ಮಿತಿಯನ್ನು 45,000ಕ್ಕೆ ಇಳಿಸುವ ತಿದ್ದುಪಡಿ 2016ರಲ್ಲಿ ಬಂತು. ಹಳ್ಳಿಯವರು ಕೇಳಿದಷ್ಟು ಸಿಗಲಿಲ್ಲ, ಹಡಗಿನವರು ಬಯಸಿದಷ್ಟೂ ಉಳಿಯಲಿಲ್ಲ. ಮತ ಹಾಕುವಾಗ ಹೆಸರು ಕರೆಯುತ್ತಾರೆ. ಯಾರು ಯಾವ ಕಡೆ ಎಂಬುದನ್ನು ಸಭೆಯಲ್ಲಿದ್ದವರೆಲ್ಲ ಕೇಳುತ್ತಾರೆ.

ಇದೆಲ್ಲ ನಮಗೇಕೆ ಎನ್ನುವವರು ಮಲ್ಪೆಯ ಬಂದರಿಗೊಮ್ಮೆ ಹೋಗಿ ಬರಬೇಕು. ನಮ್ಮ ಪಶ್ಚಿಮ ಕರಾವಳಿಯಲ್ಲೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಜೋಡಿ ದೋಣಿಗಳ ಬುಲ್ ಟ್ರಾಲಿಂಗ್ ಮತ್ತು ದೀಪ ಹಾಕಿ ಹಿಡಿಯುವುದನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿದೆ. ಆದರೂ ನಾಡದೋಣಿಯವರು ಮತ್ತು ದೊಡ್ಡ ದೋಣಿಯವರ ಜಗಳ ನಿಂತಿಲ್ಲ. ಬೆಳೆಯಬೇಕಾದ ಮರಿಮೀನು ಮೀನುಹುಡಿಯ ಕಾರ್ಖಾನೆಗೆ ಹೋಗುವುದೂ ನಿಂತಿಲ್ಲ. ಇಲ್ಲಿ ನಿಯಮಕ್ಕೆ ಕೊರತೆಯಿಲ್ಲ. ಬಲೆಗೆ ಬಿದ್ದ ಮರಿಮೀನೆಷ್ಟು ಎಂಬ ಲೆಕ್ಕವನ್ನು ಮೇಜಿನ ಮೇಲಿಟ್ಟು, ಎರಡೂ ಕಡೆಯವರನ್ನು ಒಂದೇ ಗಡಿಯಾರದ ಮುಂದೆ ಕೂರಿಸಿ, ಅವರೆದುರೇ ಮತ ಹಾಕುವ ರೂಢಿ ಬರಬೇಕಷ್ಟೆ.

ಆಂಕರೇಜಿನ ಸಭೆ ಮುಗಿಯುವ ಹೊತ್ತಿಗೆ ಹೊರಗೆ ಮತ್ತೆ ಕತ್ತಲು. ಕಾಗದಪತ್ರ ಮಡಿಚಿಕೊಂಡು ಜನ ವಿಮಾನ ನಿಲ್ದಾಣದತ್ತ ಹೊರಡುತ್ತಾರೆ. ಕೆಳಗೆ ಶಿಪ್ ಕ್ರೀಕಿನ ಅಂಚು ಹೆಪ್ಪುಗಟ್ಟಿರುತ್ತದೆ. ಬೇಸಗೆ ಬಂದರೆ ಅಲ್ಲಿ ಕಚೇರಿ ಬಿಟ್ಟ ಜನ ಗಾಳ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಅವರ ಗಾಳಕ್ಕೆ ಬೀಳುವ ಸಾಲ್ಮನ್‌ಗಳು ಬಹುಮಟ್ಟಿಗೆ ಮರಿಕೇಂದ್ರದಲ್ಲಿ ಸಾಕಿ ಬಿಟ್ಟವು. ನಗರದ ಒಂದು ಹೊಳೆಗೆ ಅಷ್ಟು ಸಾಕು. ಯೂಕಾನಿನಂಥ ನದಿಯನ್ನು ಹಾಗೆ ತುಂಬಿಸಲಾಗದು. ಅಲ್ಲಿಗೆ ಮೀನು ತಾನಾಗಿಯೇ ಬರಬೇಕು. ಬರುವ ದಾರಿಯಲ್ಲಿ ಯಾರ ಬಲೆ ಎಷ್ಟು ಹೊತ್ತು ಇರಬೇಕೆಂಬುದನ್ನು ಕೇಳಲು ಹಳ್ಳಿಯವರು ಮುಂದಿನ ಸಭೆಗೂ ಬರುತ್ತಾರೆ, ಮೂರು ನಿಮಿಷಕ್ಕಾಗಿ.