ಚೇಂಬರ್ ಮುಚ್ಚಳ ತೆಗೆದ ದಿನ

1/6
ಫೋಟೋ ನೋಡಿ ಮೂಗು ಮುಚ್ಕೊಂಡು ಮುಂದಕ್ಕೆ ಹೋಗ್ಬೇಡಿ. ಇದು ನಮ್ಮ ಮನೆ ಕಾಂಪೌಂಡಲ್ಲಿರೋ ಚೇಂಬರ್ ಮುಚ್ಚಳ. ನಾಲ್ಕು ವರ್ಷದಿಂದ ಇದರ ಮೇಲೇ ಸ್ಕೂಟಿ ನಿಲ್ಲಿಸ್ತಿದ್ದೆ. ಕೆಳಗೆ ಏನಿದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ನಾವಿರೋದು ಬೆಂಗಳೂರಲ್ಲಿ, ಮೂರಂತಸ್ತಿನ ಬಾಡಿಗೆ ಮನೆಯ ಗ್ರೌಂಡ್ ಫ್ಲೋರಲ್ಲಿ. ಇಂಟರ್ನಲ್ಸ್‌ಗೆ ಹಿಂದಿನ ದಿನ ಬೆಳಿಗ್ಗೆ ಮೇಲಿನ ಮನೆಯವರ ವಾಷಿಂಗ್ ಮೆಷಿನ್ ನೀರು ಬಿಡ್ತು. ಆ ಸೋಪಿನ ನೊರೆ ನಮ್ಮ ಬಚ್ಚಲ ಜಾಲರಿಯಿಂದ ಉಕ್ಕಿ ಬಂತು. ಅದರ ಹಿಂದೇನೇ ಕಪ್ಪು ನೀರು.

2/6
ನಿಜ ಹೇಳ್ಬೇಕು ಅಂದ್ರೆ, ಪೈಪು ಎರಡು ವಾರದಿಂದ ಎಚ್ಚರಿಕೆ ಕೊಡ್ತಾನೇ ಇತ್ತು. ನಿಮ್ಮ ಮನೇಲೂ ಇವು ಕಂಡ್ರೆ ಸುಮ್ನಿರಬೇಡಿ:

▪️ ಸಿಂಕ್ ನೀರು ಬಿಟ್ಟಾಗ ಬಚ್ಚಲಲ್ಲಿ ಗುಳುಗುಳು ಸದ್ದು.
▪️ ಫ್ಲಶ್ ಮಾಡಿದ್ರೆ ಕಮೋಡಲ್ಲಿ ನೀರು ಮೇಲೇರಿ, ನಿಧಾನಕ್ಕೆ ಇಳಿಯೋದು.
▪️ ಎಷ್ಟು ತೊಳೆದ್ರೂ ಹೋಗದ ವಾಸನೆ.

ಒಂದು ಸಿಂಕ್ ಮಾತ್ರ ಕಟ್ಟಿದ್ರೆ ತೊಂದರೆ ಆ ಸಿಂಕಿನದ್ದು. ಸಿಂಕು, ಬಚ್ಚಲು, ಕಮೋಡು ಮೂರೂ ಒಟ್ಟಿಗೆ ನಿಧಾನ ಆದ್ರೆ ಮುಖ್ಯ ಲೈನೇ ಕಟ್ಟಿದೆ ಅಂತ ಅರ್ಥ. ನೀರು ಮೊದಲು ಉಕ್ಕೋದು ಎಲ್ಲಕ್ಕಿಂತ ತಗ್ಗಲ್ಲಿರೋ ಜಾಗದಲ್ಲಿ. ಅದಕ್ಕೇ ಮೇಲಿನವರ ನೊರೆ ನಮ್ಮ ಪಾಲಿಗೆ ಬಂದಿದ್ದು!

3/6
ಏನು ಮಾಡ್ಬೇಕು? ಮೊದಲು ಎಲ್ಲಾ ಮನೆಯವರಿಗೂ ಹೇಳಿ ನೀರು ಬಳಸೋದು ನಿಲ್ಲಿಸಿ. ಆಮೇಲೆ ದೊಡ್ಡವರ ಜೊತೆ, ದೂರ ನಿಂತು, ಚೇಂಬರ್ ಮುಚ್ಚಳ ಸರಿಸಿ. ತಲೆ ಒಳಗೆ ಬಗ್ಗಿಸ್ಬೇಡಿ. ಬೆಂಕಿಕಡ್ಡಿಯಂತೂ ಹತ್ರ ತರಲೇಬೇಡಿ.

ಚೇಂಬರ್ ಖಾಲಿ ಇದ್ರೆ ಕಟ್ಟಿರೋದು ಮನೆಗೂ ಚೇಂಬರಿಗೂ ಮಧ್ಯೆ. ಪ್ಲಂಬರ್ ಸಾಕು. ತುಂಬಿ ನಿಂತಿದ್ರೆ ಕಟ್ಟಿರೋದು ಅದರಾಚೆ, ರಸ್ತೆ ಕಡೆ. ಬೆಂಗಳೂರಲ್ಲಾದ್ರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ. ಆಸಿಡ್ ಸುರೀಬೇಡಿ. ಅದು ಕೊಳಚೆ ಜೊತೆ ಸೇರಿದ್ರೆ ವಿಷದ ಗಾಳಿ ಏಳಬಹುದು.

ನಮ್ಮದು ತುಂಬಿತ್ತು.

4/6
ಇಲ್ಲಿಂದ ಮುಂದಿನದ್ದು ಬರೆಯೋಕೆ ನಂಗೆ ನಾಚಿಕೆ.

ಓನರ್ ಅಂಕಲ್ ಫೋನಲ್ಲಿ, "ಒಬ್ಬನ್ನ ಕಳಿಸ್ತೀನಿ, ಇಳಿದು ಕ್ಲೀನ್ ಮಾಡ್ತಾನೆ, ಐನೂರು ಕೊಟ್ಬಿಡಿ" ಅಂದ್ರು. ಅರ್ಧ ಗಂಟೇಲಿ ಒಬ್ಬರು ಬಂದ್ರು. ಕೈಯಲ್ಲಿ ಬಕೆಟ್ಟು, ಹಗ್ಗ, ಉದ್ದದ ಬಿದಿರಿನ ದಬ್ಬೆ. ಗ್ಲೌಸ್ ಇಲ್ಲ. ನಮ್ಮ ಅಪ್ಪನ ವಯಸ್ಸು. ಷರ್ಟ್ ಬಿಚ್ಚಿ ಗೇಟಿಗೆ ನೇತುಹಾಕಿದ್ರು. "ವಾಸನೆ ಜಾಸ್ತಿ ಇದ್ಯಲ್ಲಾ" ಅಂತ ಅಪ್ಪ ಅಂದ್ರೆ, "ನಂಗೇನೂ ಗೊತ್ತಾಗಲ್ಲ ಬಿಡಿ ಸಾರ್" ಅಂತ ನಕ್ಕರು.

ನಾನು ಕಿಟಕಿ ಹತ್ರ ನೋಟ್ಸ್ ಹಿಡ್ಕೊಂಡು ನಿಂತಿದ್ದೆ. ಮನಸ್ಸಲ್ಲಿ ಇದ್ದಿದ್ದು ಒಂದೇ: ಬೇಗ ಇಳಿದು ಮುಗಿಸಿಬಿಟ್ರೆ ಸಾಕಪ್ಪ.

ಅವರು ಚೇಂಬರಿನ ಅಂಚಲ್ಲಿ ಕೂತು ಕಾಲು ಇಳಿಬಿಟ್ಟಾಗ ಅಜ್ಜಿ ಹೊರಗೆ ಬಂದ್ರು. ಅಪ್ಪನಿಗೆ ಕೇಳಿದ್ದು ಒಂದೇ ಮಾತು: "ನಿನ್ನ ಮಗಳನ್ನ ಇಳಿಸ್ತೀಯೇನೋ ಇದ್ರೊಳಗೆ?"

ಯಾರೂ ಮಾತಾಡ್ಲಿಲ್ಲ. ಅಪ್ಪ ಕೈ ಕೊಟ್ಟು ಅವರನ್ನ ಎಬ್ಬಿಸಿದ್ರು.

5/6
ಕೊಳಚೆ ಗುಂಡೀಲಿ ಹೈಡ್ರೋಜನ್ ಸಲ್ಫೈಡ್ ಇರುತ್ತೆ. ಸ್ವಲ್ಪ ಇದ್ರೆ ಕೊಳೆತ ಮೊಟ್ಟೆ ವಾಸನೆ. ಜಾಸ್ತಿ ಆದ್ರೆ ಮೂಗೇ ಸತ್ತುಹೋಗುತ್ತೆ, ವಾಸನೆಯೇ ಗೊತ್ತಾಗಲ್ಲ. ಉಸಿರು ನಿಲ್ಲೋಕೆ ಆಮೇಲೆ ಜಾಸ್ತಿ ಹೊತ್ತು ಬೇಡ. ಇದನ್ನ ಓದಿದಾಗ ಆ ನಗು ನೆನಪಾಗಿ ಎದೆ ಝಲ್ಲೆಂದಿತು.

2013ರ ಕಾನೂನಿನ ಪ್ರಕಾರ ರಕ್ಷಣಾ ಸಲಕರಣೆ ಇಲ್ಲದೆ ಯಾರನ್ನೂ ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಸೋ ಹಾಗಿಲ್ಲ. ಮೊದಲ ಸಲದ ತಪ್ಪಿಗೇ ಎರಡು ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ. 2023ರಲ್ಲಿ ಸುಪ್ರೀಂ ಕೋರ್ಟ್ ಇಂಥ ಸಾವಿನ ಪರಿಹಾರವನ್ನ 30 ಲಕ್ಷಕ್ಕೆ ಏರಿಸಿತು. ಇದರ ವಿರುದ್ಧ ಹೋರಾಡ್ತಿರೋ ಬೆಜವಾಡ ವಿಲ್ಸನ್ ನಮ್ಮ ಕೆಜಿಎಫ್‌ನಲ್ಲೇ ಹುಟ್ಟಿದವರು. '2016, ಮ್ಯಾಗ್ಸೆಸೆ' ಅಂತ ಜಿಕೆಗೆ ನಾನೂ ಬಾಯಿಪಾಠ ಮಾಡಿದ್ದೆ. ಆದ್ರೂ ಕಿಟಕಿ ಹತ್ರ ಸುಮ್ನೆ ನಿಂತಿದ್ದೆ.

6/6
ಅವರು ಮೇಲೆ ನಿಂತೇ ದಬ್ಬೆ ಹಾಕಿ ನೋಡಿದ್ರು, ಆಗ್ಲಿಲ್ಲ. ಅಪ್ಪ ಐನೂರು ಕೊಟ್ರು. "ಇವತ್ತು ಸರಿ, ನಾಳೆ ಎಲ್ಲಿಗೆ ಹೋಗ್ಲಿ ಸಾರ್?" ಅಂತ ಕೇಳಿ ಹೋದ್ರು. ಅದಕ್ಕೆ ಉತ್ತರ ನಮ್ಮ ಹತ್ರ ಇರ್ಲಿಲ್ಲ.

1916ಕ್ಕೆ ಫೋನ್ ಮಾಡಿದ್ವಿ. ಮಾರನೇ ದಿನ ಮಧ್ಯಾಹ್ನ ಜೆಟ್ಟಿಂಗ್ ಗಾಡಿ ಬಂತು. ಪೈಪ್ ಬಿಟ್ಟು ಜೋರಾಗಿ ನೀರು ಹೊಡೆದು ಇಪ್ಪತ್ತು ನಿಮಿಷದಲ್ಲಿ ಬಿಡಿಸಿತು. ಹೊರಗೆ ಬಂದಿದ್ದೇನು ಗೊತ್ತಾ? ಹೆಪ್ಪುಗಟ್ಟಿದ ಎಣ್ಣೆ ಜಿಡ್ಡು, ಅದಕ್ಕೆ ಹಗ್ಗದ ಥರ ಸುತ್ತಿಕೊಂಡ ವೈಪ್ಸ್. ಈ ಬಿಲ್ಡಿಂಗಲ್ಲಿ ಮುಖ ಒರೆಸಿದ ವೈಪ್ಸ್ ಫ್ಲಶ್ ಮಾಡ್ತಿದ್ದವಳು ನಾನೇ.

ಈಗ ನಮ್ಮ ಬಾತ್‌ರೂಮಲ್ಲಿ ಮುಚ್ಚಳದ ಡಬ್ಬಿ ಇದೆ. ವೈಪ್ಸ್, ಪ್ಯಾಡ್, ಕೂದಲು ಎಲ್ಲಾ ಅದಕ್ಕೆ. ಕರಿದ ಎಣ್ಣೆ ಸಿಂಕಿಗೆ ಹೋಗಲ್ಲ. ತಾರಸಿಯ ಮಳೆನೀರಿನ ಪೈಪನ್ನೂ ಒಳಚರಂಡಿಗೆ ಸೇರಿಸ್ಬೇಡಿ, ಮಳೆ ಬಂದಾಗ ಲೈನ್ ತುಂಬಿ ಕೊಳಚೆ ವಾಪಸ್ ಬರುತ್ತೆ.

ಇವತ್ತೇ ನಿಮ್ಮ ಮನೆ ಚೇಂಬರ್ ಎಲ್ಲಿದೆ ಅಂತ ಹುಡುಕಿ, ಮನೆಯವರಿಗೂ ತೋರಿಸಿ. ಯಾರಾದ್ರೂ "ಒಬ್ಬನ್ನ ಇಳಿಸೋಣ" ಅಂದ್ರೆ, ನಮ್ಮಜ್ಜಿಯ ಪ್ರಶ್ನೆ ಕೇಳಿ.

#ಒಳಚರಂಡಿ #ನಮ್ಮಬೆಂಗಳೂರು #ಅಜ್ಜಿಮಾತು