ಪರದೆಯ ಈಚೆಯ ಬೆಂಚು

ಶಾಲೆಯಿಂದ ನಿವೃತ್ತನಾದ ಮೇಲೆ ಪೀಣ್ಯ ಕೈಗಾರಿಕಾ ಪ್ರದೇಶದ ಅಂಚಿನ ಒಂದು ಧರ್ಮಾರ್ಥ ಚಿಕಿತ್ಸಾಲಯದಲ್ಲಿ ಭಾನುವಾರಗಳಂದು ರೋಗಿಗಳ ಹೆಸರು ಬರೆದುಕೊಳ್ಳುವ ಸೇವೆ ನನ್ನದಾಗಿತ್ತು. ಬರುವವರಲ್ಲಿ ಹೆಚ್ಚಿನವರು ಸಿದ್ಧ ಉಡುಪು ಕಾರ್ಖಾನೆಗಳ ಹೆಣ್ಣುಮಕ್ಕಳು. ವೈದ್ಯರು ಸಜ್ಜನರು, ಸಂಭಾವನೆ ಮುಟ್ಟದವರು. ಆದರೆ ಎರಡು ಗಂಟೆಯೊಳಗೆ ಐವತ್ತು ಮಂದಿಯನ್ನು ನೋಡಬೇಕು.

ಮೂವತ್ತರ ಆಸುಪಾಸಿನ ಒಬ್ಬಾಕೆ ಗಂಡನೊಡನೆ ಮೂರು ವಾರ ಬಂದಳು. "ಏನಮ್ಮಾ ತೊಂದರೆ?" ಎಂದರೆ ಆತನೇ "ಸುಸ್ತು ಸಾರ್, ಸೊಂಟನೋವು" ಎನ್ನುವನು. ನಾನು ಹಾಗೆಯೇ ಬರೆದೆನು. ಒಳಗೆ ವೈದ್ಯರು ಕೇಳಿದ್ದೂ ಆತನನ್ನೇ. ಪರದೆಯ ಈಚೆಯ ಬೆಂಚಿಗೆ ಒಳಗಿನ ಮಾತೆಲ್ಲ ಕೇಳಿಸುತ್ತಿತ್ತು. ಆಕೆಯ ದನಿ ಮಾತ್ರ ಒಮ್ಮೆಯೂ ಕೇಳಲಿಲ್ಲ. ಮೂರು ಸಲವೂ ಕಬ್ಬಿಣಾಂಶದ ಮಾತ್ರೆ, ನೋವಿನ ಮಾತ್ರೆ.

ನಾಲ್ಕನೆಯ ಭಾನುವಾರ ಚಳಿಜ್ವರದಿಂದ ನಡುಗುತ್ತ ಬಂದಳು. ಅಂದು ಔಷಧಿ ಹಂಚಲು ಬಂದಿದ್ದ ನನ್ನ ಮನೆಯಾಕೆ ಅವಳನ್ನು ಹಿಂದಿನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿಕೊಂಡಳು. ತಿಂಗಳುಗಳಿಂದ ಉರಿಮೂತ್ರ. ಟಾರ್ಗೆಟ್ ತಪ್ಪಿದರೆ ಸೂಪರ್‌ವೈಸರ್ ಬೈಯುವನೆಂದು ಹೊಲಿಗೆ ಯಂತ್ರ ಬಿಟ್ಟು ಏಳುವುದಿಲ್ಲ. ಏಳಬೇಕಾದೀತೆಂದು ನೀರೇ ಕುಡಿಯುವುದಿಲ್ಲ. ಸೋಂಕು ಮೂತ್ರಪಿಂಡಕ್ಕೇರಿತ್ತು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿ ಉಳಿದುಕೊಂಡಳು.

"ನಾನು ಕೇಳಲೇ ಇಲ್ಲವಲ್ಲ, ಮೇಷ್ಟ್ರೇ" ಎಂದರು ವೈದ್ಯರು. ಕೇಳದಿದ್ದವರಲ್ಲಿ ಮೊದಲಿಗನು ನಾನು.

ವೈದ್ಯೆ ರಾಣಿ ಬಂಗ್ ಮತ್ತು ಸಂಗಡಿಗರು ಗಡಚಿರೋಲಿಯ ಎರಡು ಹಳ್ಳಿಗಳ 650 ಮಹಿಳೆಯರನ್ನು ಪರೀಕ್ಷಿಸಿ 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದುದನ್ನು ಆ ವೈದ್ಯರೇ ನನಗೆ ತಿಳಿಸಿದರು. ನೂರಕ್ಕೆ 92 ಮಂದಿಗೆ ಸ್ತ್ರೀಸಂಬಂಧಿ ರೋಗವಿತ್ತು. ಹಿಂದೆ ಅದಕ್ಕಾಗಿ ಪರೀಕ್ಷೆಗೊಳಗಾದವರು 8 ಮಂದಿ. ಕಬ್ಬಿಣಾಂಶ ಕೊಟ್ಟದ್ದು ತಪ್ಪೆನ್ನಲಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಸ್ತ್ರೀಯರಲ್ಲಿ ಶೇಕಡಾ 57, ಪುರುಷರಲ್ಲಿ 25 ಮಂದಿಗೆ ರಕ್ತಹೀನತೆ. ಆದರೆ ಹೆಣ್ಣಿನ ಸುಸ್ತಿಗೆ ಉತ್ತರ ಮೊದಲೇ ಸಿದ್ಧವಿದ್ದುದರಿಂದ ಪ್ರಶ್ನೆ ಅಲ್ಲಿಗೇ ನಿಂತಿತು. ನಮ್ಮ ಫಲಕದಲ್ಲಿ 'ಔಷಧದಾನ' ಎಂದು ಬರೆದಿತ್ತು. ಅಭಯವಿಲ್ಲದೆಡೆಯಲ್ಲಿ ಆಕೆ ಬಾಯಿಬಿಡುವುದೆಂತು?

ಬೆಂಚನ್ನು ಹೊರಜಗುಲಿಗೆ ಸಾಗಿಸಿದೆವು. ಹೆಸರು ಬರೆಯುವ ಕೆಲಸವನ್ನು ನನ್ನ ಮನೆಯಾಕೆಗೆ ಬಿಟ್ಟುಕೊಟ್ಟೆನು. ಪ್ರತಿ ಸ್ತ್ರೀಯೊಡನೆಯೂ ಕೆಲವು ನಿಮಿಷ ಏಕಾಂತದಲ್ಲಿ ಮಾತನಾಡಬೇಕೆಂದು ವೈದ್ಯರೇ ನಿಯಮ ಮಾಡಿದರು. ಪರೀಕ್ಷಿಸುವಾಗ ಜೊತೆಗೆ ಒಬ್ಬ ಹೆಂಗಸು ಇರತಕ್ಕದ್ದು. ಗಂಡಂದಿರನ್ನು ಹೊರಗೆ ಕೂರಿಸುವುದು ಸಂಸಾರವಂದಿಗರಿಗೆ ಅವಮಾನವೆಂದು ಟ್ರಸ್ಟಿನ ಹಿರಿಯರೊಬ್ಬರು ಮುನಿಸಿಕೊಂಡರು.

ಐವತ್ತರ ಸಂಖ್ಯೆ ಮೂವತ್ತೈದಕ್ಕಿಳಿಯಿತು. ಸೇವೆ ಏಕೆ ಕುಗ್ಗಿತೆಂದು ಕಾರ್ಯದರ್ಶಿಗಳು ಕೇಳಿದರು. ನಾನು ಎರಡು ಪುಟ ಬರೆದುಕೊಟ್ಟೆನು. ವಾರ್ಷಿಕ ವರದಿಯಲ್ಲಿ ಸಂಖ್ಯೆ ಮಾತ್ರ ಅಚ್ಚಾಯಿತು.