ಹಿಮದ ಕೆರೆಯ ಮೇಲೊಂದು ಕ್ರೀಡಾಕೂಟ

ಮುದ್ದೇನಹಳ್ಳಿ ಒಂದು ಪುಟ್ಟ ಸ್ವತಂತ್ರ ದೇಶ ಎಂದು ಕ್ಷಣಕಾಲ ಭಾವಿಸೋಣ. ನಂದಿ ಬೆಟ್ಟದ ಸಾಲು ಅದರ ಗಡಿ; ರಾಗಿ, ದ್ರಾಕ್ಷಿ, ಹಿಪ್ಪುನೇರಳೆ ಅದರ ಬೆಳೆ. ಈ ದೇಶವು ಚಳಿಗಾಲದ ಅಂತರರಾಷ್ಟ್ರೀಯ ಕ್ರೀಡಾಕೂಟವೊಂದನ್ನು ನಡೆಸಿಕೊಡುವುದಾಗಿ ಒಪ್ಪಿಕೊಂಡಿದೆ. ನಾನಾ ದೇಶಗಳ ಆಟಗಾರರು ಹೆಗಲ ಮೇಲೆ ಸ್ಕೀ ಹಲಗೆಗಳನ್ನು ಹೊತ್ತು ಬಂದಿಳಿದಿದ್ದಾರೆ. ಎಲ್ಲವೂ ಸಿದ್ಧ. ಆದರೆ ಹಿಮ ಎಲ್ಲಿ?

ಜನವರಿಯ ಬೆಳಗಿನಲ್ಲಿ ನಂದಿ ಬೆಟ್ಟವನ್ನು ಮುಸುಕುವ ಬಿಳಿ ಪರದೆಗೆ ಕನ್ನಡಿಗರು ಮಂಜು ಎನ್ನುತ್ತಾರೆ. ಅದು ನೆಲಕ್ಕಿಳಿದ ಮೋಡ, ನೀರಿನ ಸೂಕ್ಷ್ಮ ಹನಿಗಳ ರಾಶಿ. ಬಿಸಿಲೇರಿದರೆ ಮಾಯ. ಈ ಸೀಮೆಯಲ್ಲಿ ಆಕಾಶದಿಂದ ಬೀಳುವ ನಿಜವಾದ ಮಂಜುಗಡ್ಡೆ ಎಂದರೆ ಬೇಸಿಗೆಯ ಆಲಿಕಲ್ಲು ಮಾತ್ರ. ಅದೂ ದ್ರಾಕ್ಷಿ ತೋಟದ ರೈತನಿಗೆ ಕಣ್ಣೀರು ತರಿಸುವಂಥದ್ದು.

ಹಾಗಾದರೆ ಹಿಮ ಬೇಕೆಂದರೆ ಎಷ್ಟು ಎತ್ತರ ಹತ್ತಬೇಕು? ಪ್ರೌಢಶಾಲೆಯ ಮಕ್ಕಳೇ ಲೆಕ್ಕ ಹಾಕಬಹುದು. ಒಂದು ಕಿಲೋಮೀಟರ್ ಮೇಲೇರಿದಂತೆ ಗಾಳಿಯ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಮುದ್ದೇನಹಳ್ಳಿ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಜನವರಿಯ ಒಂದು ದಿನ ಅಲ್ಲಿ 20 ಡಿಗ್ರಿ ಇದೆ ಎನ್ನಿ. ಸೊನ್ನೆ ಡಿಗ್ರಿ ಮುಟ್ಟಲು ಇನ್ನೂ ಮೂರು ಕಿಲೋಮೀಟರಿಗಿಂತ ಹೆಚ್ಚು ಏರಬೇಕು. ಅಂದರೆ ಸುಮಾರು 4,000 ಮೀಟರ್ ಎತ್ತರದ ಪರ್ವತ ಬೇಕು. ನಂದಿಯ ಎತ್ತರ 1,478 ಮೀಟರ್. ಕರ್ನಾಟಕದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿಯೂ 1,930 ಮೀಟರ್ ಮಾತ್ರ. ಕಲ್ಪನೆಯ ದೇಶದ ಕ್ರೀಡಾಕೂಟ ಇಲ್ಲಿಗೆ ರದ್ದು! ಆಟಗಾರರು ಗಂಟುಮೂಟೆ ಕಟ್ಟಿ ಉತ್ತರಕ್ಕೆ ಹೊರಡಲೇಬೇಕು.

ಹೂವಿನ ಹುಲ್ಲುಗಾವಲು

ಭಾರತದಲ್ಲಿ ಅಂಥ ಆಟಗಳಿಗೆ ಹೆಸರಾದ ತಾಣ ಕಾಶ್ಮೀರದ ಗುಲ್ಮಾರ್ಗ. ಗುಲ್ ಎಂದರೆ ಹೂವು, ಮಾರ್ಗ್ ಎಂದರೆ ಹುಲ್ಲುಗಾವಲು. ಶ್ರೀನಗರದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಬಾರಾಮುಲ್ಲಾ ಜಿಲ್ಲೆಯಲ್ಲಿ, ಪೀರ್ ಪಂಜಾಲ್ ಪರ್ವತಶ್ರೇಣಿಯ ಮಡಿಲಿನಲ್ಲಿ ಇದು ಬಟ್ಟಲಿನಂತೆ ಹರಡಿಕೊಂಡಿದೆ. ಭತ್ತದ ಗದ್ದೆ, ಸೇಬಿನ ತೋಟಗಳ ನಡುವೆ ಸಾಗುವ ರಸ್ತೆ ಟಂಗಮಾರ್ಗ್ ದಾಟಿದ ಮೇಲೆ ಪೈನ್ ಮತ್ತು ಫರ್ ಮರಗಳ ಕಾಡಿನಲ್ಲಿ ಸುತ್ತಿ ಸುತ್ತಿ ಏರುತ್ತದೆ. ಮೇಲೆ ಮುಟ್ಟಿದಾಗ 2,650 ಮೀಟರ್ ಎತ್ತರ. ಬೇಸಿಗೆಯಲ್ಲಿ ಹಸಿರು ಜಮಖಾನ. ಫೆಬ್ರುವರಿಯಲ್ಲಿ ಬೇಲಿಗಳನ್ನೂ ಮನೆಯ ಮೆಟ್ಟಿಲುಗಳನ್ನೂ ಮುಚ್ಚಿಬಿಡುವ ಬಿಳುಪು.

ಇಲ್ಲಿ ಸ್ಕೀಯಿಂಗ್ ಆರಂಭಿಸಿದವರು ಬ್ರಿಟಿಷರು. ಅವರ ಸ್ಕೀ ಕ್ಲಬ್ 1927ರಲ್ಲಿ ಹುಟ್ಟಿಕೊಂಡಿತು. ಇಂದು ಅಫರ್ವತ್ ಪರ್ವತದ ಮೈಮೇಲೆ ಎರಡು ಹಂತಗಳಲ್ಲಿ ಗೊಂಡೊಲಾ ಎಂಬ ತೂಗುತೊಟ್ಟಿಲ ವಾಹನ ಓಡುತ್ತದೆ. 1998ರಲ್ಲಿ ಆರಂಭವಾದ ಮೊದಲ ಹಂತ ಕೊಂಗ್ಡೂರಿಯವರೆಗೆ. 2005ರಲ್ಲಿ ಸೇರಿದ ಎರಡನೆಯ ಹಂತ ಸುಮಾರು 3,950 ಮೀಟರ್ ಎತ್ತರದವರೆಗೆ. ಮುದ್ದೇನಹಳ್ಳಿಯ ಲೆಕ್ಕದಲ್ಲಿ ಬಂದ 4,000 ಮೀಟರ್ ಎಂದರೆ ಎಷ್ಟು ಎಂಬುದು ಅಲ್ಲಿ ನಿಂತು ಕೆಳಗೆ ನೋಡಿದವರಿಗೆ ತಿಳಿಯುತ್ತದೆ.

ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ 2020ರಲ್ಲಿ ಆರಂಭವಾದಾಗಿನಿಂದ ಗುಲ್ಮಾರ್ಗ ಅದರ ಮುಖ್ಯ ಅಂಗಳ. ಇಳಿಜಾರಿನಲ್ಲಿ ಧುಮುಕುವ ಆಲ್ಪೈನ್ ಸ್ಕೀಯಿಂಗ್, ಏರಿಳಿತದ ಬಯಲಲ್ಲಿ ಮೈಲಿಗಟ್ಟಲೆ ಸಾಗುವ ನಾರ್ಡಿಕ್ ಸ್ಕೀಯಿಂಗ್, ಒಂದೇ ಹಲಗೆಯ ಸ್ನೋಬೋರ್ಡಿಂಗ್ ಇಲ್ಲಿ ನಡೆಯುತ್ತವೆ. ಐಸ್ ಹಾಕಿ, ಐಸ್ ಸ್ಕೇಟಿಂಗ್‌ಗಳಿಗೆ 3,500 ಮೀಟರ್ ಎತ್ತರದ ಲೇಹ್ ಪಟ್ಟಣ. ಅಲ್ಲಿ ಹೆಪ್ಪುಗಟ್ಟಿದ ಕೊಳವೇ ಮೈದಾನ. ನೀರು 4 ಡಿಗ್ರಿಯಲ್ಲಿ ಅತ್ಯಂತ ಸಾಂದ್ರ, ಮಂಜುಗಡ್ಡೆ ನೀರಿಗಿಂತ ಹಗುರ. ಆದ್ದರಿಂದಲೇ ಕೊಳ ಮೇಲಿನಿಂದ ಹೆಪ್ಪುಗಟ್ಟುತ್ತದೆ, ಮಕ್ಕಳು ಅದರ ಮೇಲೆ ಆಡುತ್ತಾರೆ. ಪಠ್ಯಪುಸ್ತಕದ ಈ ಒಂದು ಸಾಲು ತಪ್ಪಾಗಿದ್ದರೆ ಲೇಹ್‌ನಲ್ಲಿ ಆಟವೇ ಇರುತ್ತಿರಲಿಲ್ಲ.

ಹಿಮವಿಲ್ಲದ ನಾಡಿನ ಆಟಗಾರರು

ಈ ಕೂಟಗಳಲ್ಲಿ ಕರ್ನಾಟಕದ ಹೆಸರು ಕೇಳಿ ಹಲವರು ಹುಬ್ಬೇರಿಸುತ್ತಾರೆ. ಗಾಲಿ ಸ್ಕೇಟಿಂಗ್‌ನಲ್ಲಿ ಪಳಗಿದ ರಾಜ್ಯದ ಮಕ್ಕಳು ಲೇಹ್‌ನ ಮಂಜುಗಡ್ಡೆಗೂ ಇಳಿದಿದ್ದಾರೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಗುಲ್ಮಾರ್ಗದಲ್ಲಿ ಚಿನ್ನ ಗೆದ್ದರು. 2025ರಲ್ಲಿ ಚಿಲಿ ದೇಶದ ಅಂತರರಾಷ್ಟ್ರೀಯ ಸ್ಪರ್ಧೆಯ 5 ಕಿಲೋಮೀಟರ್ ಓಟದಲ್ಲಿ ಕಂಚು ಪಡೆದರು. ಕೊಡಗಿನಲ್ಲಿ ಮಳೆ ಸುರಿಯುತ್ತದೆ, ಹಿಮ ಬೀಳುವುದಿಲ್ಲ. ಆದರೂ ಈ ಆಟಕ್ಕೆ ಬೇಕಾದ ಶ್ವಾಸಕೋಶದ ಬಲ, ಕಾಲುಗಳ ಕಸುವು, ಮನಸ್ಸಿನ ಹಟ ಯಾವ ಊರಿನಲ್ಲಾದರೂ ಬೆಳೆಯಬಲ್ಲವು. ಹಿಮವಿಲ್ಲದ ತಿಂಗಳುಗಳಲ್ಲಿ ಜಗತ್ತಿನ ನಾರ್ಡಿಕ್ ಆಟಗಾರರೆಲ್ಲ ಗಾಲಿ ಜೋಡಿಸಿದ ಸ್ಕೀ ತೊಟ್ಟು ಡಾಂಬರು ರಸ್ತೆಯ ಮೇಲೆಯೇ ಅಭ್ಯಾಸ ಮಾಡುತ್ತಾರೆ.

ದಕ್ಷಿಣದವರಿಗೆ ಎದುರಾಗುವ ಮೊದಲ ಕಷ್ಟ ಚಳಿಗಿಂತ ಹೆಚ್ಚಾಗಿ ಗಾಳಿಯದು. ಗುಲ್ಮಾರ್ಗದಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲಿಗೂ ತುಸು ಕಡಿಮೆ. ಲೇಹ್‌ನಲ್ಲಿ ಮೂರನೇ ಎರಡು ಪಾಲು. ಪ್ರತಿ ಉಸಿರಿನಲ್ಲಿಯೂ ಆಮ್ಲಜನಕ ಅಷ್ಟೇ ಕಡಿಮೆ. ದೇಹ ಹೊಂದಿಕೊಳ್ಳಲು ದಿನಗಳು ಬೇಕು, ಅವಸರ ಸಲ್ಲದು.

ಬೆಟ್ಟದ ಮೇಲಿನ ಜಲಾಶಯ

ಗುಲ್ಮಾರ್ಗದ ಹಿಮ ಎಲ್ಲಿಂದ ಬರುತ್ತದೆ? ಚಳಿಗಾಲದಲ್ಲಿ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟ ವಾಯುಕ್ಷೋಭೆಗಳು ಇರಾನ್, ಅಫ್ಘಾನಿಸ್ತಾನಗಳನ್ನು ದಾಟಿ ಬಂದು ಹಿಮಾಲಯಕ್ಕೆ ಬಡಿಯುತ್ತವೆ. ಅವು ತಂದ ತೇವವೇ ಹಿಮವಾಗಿ ಸುರಿಯುತ್ತದೆ. ಹೊಸದಾಗಿ ಬಿದ್ದ ಹಿಮ ಅರಳೆಯಂತೆ ಹಗುರ. ಹತ್ತು ಸೆಂಟಿಮೀಟರ್ ಕರಗಿದರೆ ಸಿಗುವುದು ಸುಮಾರು ಒಂದು ಸೆಂಟಿಮೀಟರ್ ನೀರು. ದಿನಗಳೆದಂತೆ ಅದು ಕುಸಿದು ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾದ ಒಂದು ಮೀಟರ್ ಹಿಮದಲ್ಲಿ ಮೂವತ್ತು ಸೆಂಟಿಮೀಟರಿನಷ್ಟು ನೀರು ಅಡಗಿರಬಹುದು. ಚಿಕ್ಕಬಳ್ಳಾಪುರ ಜಿಲ್ಲೆಯ ವರ್ಷದ ಮಳೆ 70ರಿಂದ 80 ಸೆಂಟಿಮೀಟರ್. ಅಂದರೆ ಎರಡೂವರೆ ಮೀಟರ್ ಹಿಮದಲ್ಲಿ ಮುದ್ದೇನಹಳ್ಳಿಯ ಒಂದು ವರ್ಷದ ಮಳೆ ನಿದ್ರಿಸುತ್ತಿರುತ್ತದೆ!

ಈ ನೀರು ಒಮ್ಮೆಲೇ ಹರಿದುಹೋಗುವುದಿಲ್ಲ. ಮಾರ್ಚ್‌ನಿಂದ ಜೂನ್‌ವರೆಗೆ ಹನಿಹನಿಯಾಗಿ ಇಳಿದು ತೊರೆಗಳನ್ನು ತುಂಬುತ್ತದೆ, ನೆಲಕ್ಕಿಂಗಿ ಚಿಲುಮೆಗಳಾಗಿ ಏಳುತ್ತದೆ, ಝೀಲಂ ನದಿ ಸೇರುತ್ತದೆ. ಭತ್ತದ ಸಸಿ ನೆಡುವ ಹೊತ್ತಿಗೆ ಸರಿಯಾಗಿ ಕಾಲುವೆಗೆ ನೀರು! ಕಟ್ಟೆಯಿಲ್ಲದ, ತೂಬಿಲ್ಲದ ಜಲಾಶಯವಿದು. ಮುದ್ದೇನಹಳ್ಳಿಯ ಮಗ ಸರ್ ಎಂ. ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ತಾನೇ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅಳವಡಿಸಿದರು. ಹಿಮಾಲಯದಲ್ಲಿ ಆ ಕೆಲಸವನ್ನು ಸೂರ್ಯನೇ ನೋಡಿಕೊಳ್ಳುತ್ತಾನೆ.

ನಂದಿಯ ಬೆಟ್ಟಸಾಲಿನಲ್ಲೂ ನದಿಗಳು ಹುಟ್ಟುತ್ತವೆ. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳ ತವರು ಈ ಪ್ರದೇಶವೇ. ಆದರೆ ತಲೆಯ ಮೇಲೆ ಹಿಮದ ಗಂಟಿಲ್ಲದ ಈ ನದಿಗಳು ಮಳೆ ನಿಂತ ಕೆಲವೇ ತಿಂಗಳಲ್ಲಿ ಮರಳಾಗುತ್ತವೆ. ಅದನ್ನರಿತ ಹಿರಿಯರು ಊರೂರಿಗೆ ಕೆರೆ ಕಟ್ಟಿದರು. ಕೆರೆಗಳು ಬತ್ತಿದಾಗ ಕೊಳವೆಬಾವಿಗಳು ಸಾವಿರ ಅಡಿಗೂ ಕೆಳಗಿಳಿದವು. ಈಗ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ.

ಆಟ ನಿಂತಾಗ

2024ರ ಜನವರಿಯಲ್ಲಿ ಗುಲ್ಮಾರ್ಗ ಬಹುತೇಕ ಬೋಳಾಗಿತ್ತು. ಒಣ ಹುಲ್ಲಿನ ಮೇಲೆ ಪ್ರವಾಸಿಗರು ಪೆಚ್ಚಾಗಿ ನಿಂತಿದ್ದರು. ತಡವಾಗಿಯಾದರೂ ಹಿಮ ಬಿದ್ದು ಫೆಬ್ರುವರಿ 21ರಿಂದ ಕ್ರೀಡಾಕೂಟ ನಡೆಯಿತು. ಮರುವರ್ಷ ಆ ಅದೃಷ್ಟವೂ ಇರಲಿಲ್ಲ. 2025ರ ಫೆಬ್ರುವರಿ 22ಕ್ಕೆ ಗೊತ್ತಾಗಿದ್ದ ಕೂಟವನ್ನು ಹಿಮ ಸಾಲದೆಂದು ಮುಂದೂಡಬೇಕಾಯಿತು. ಅದು ನಡೆದದ್ದು ಮಾರ್ಚ್ 9ರಿಂದ 12ರವರೆಗೆ. ವರ್ಷವಿಡೀ ಬೆವರು ಸುರಿಸಿದ ಆಟಗಾರರಿಗೆ ಅದು ಎರಡು ವಾರಗಳ ತಳಮಳ.

ಅದೇ ಫೆಬ್ರುವರಿಯಲ್ಲಿ ದಕ್ಷಿಣ ಕಾಶ್ಮೀರದ ಅಚ್ಛಾಬಲ್ ಎಂಬ ಮೊಗಲರ ಕಾಲದ ಉದ್ಯಾನದ ಹೆಸರಾಂತ ಚಿಲುಮೆ ಬತ್ತಿತು. ಸುತ್ತಲಿನ ಹಳ್ಳಿಗಳಿಗೆ ಕುಡಿಯುವ ನೀರು ಕೊಡುತ್ತಿದ್ದ ಚಿಲುಮೆಯದು. ಆಟವನ್ನೇನೋ ಮುಂದೂಡಬಹುದು, ಬಾಯಾರಿಕೆಯನ್ನು ಮುಂದೂಡಲಾಗದು.

ಕೃತಕ ಹಿಮ ಇದೆಯಲ್ಲ ಎಂದು ಮಕ್ಕಳು ಕೇಳಬಹುದು. ಇದೆ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ಹೆಚ್ಚುಕಡಿಮೆ ಪೂರ್ತಿಯಾಗಿ ಕೃತಕ ಹಿಮದ ಮೇಲೆಯೇ ನಡೆಯಿತು. ಟಂಗಮಾರ್ಗ್ ಕಡೆಯ ಆರಿಫ್ ಖಾನ್ ಭಾರತದ ಏಕೈಕ ಸ್ಪರ್ಧಿಯಾಗಿ ಅಲ್ಲಿ ಜಾರಿದರು. ಆದರೆ ಹಿಮ ಉಗುಳುವ ಯಂತ್ರಕ್ಕೆ ಮೊದಲು ನೀರು ಬೇಕು, ವಿದ್ಯುತ್ ಬೇಕು, ಸಾಕಷ್ಟು ಚಳಿಯೂ ಬೇಕು. ಕೆರೆಯಿಂದ ನೀರೆತ್ತಿ ಬೆಟ್ಟಕ್ಕೆ ಚೆಲ್ಲಿದರೆ ಓಟದ ದಾರಿ ಸಿದ್ಧವಾದೀತು. ಕಣಿವೆಯ ಗದ್ದೆಗಳಿಗೆ ಬೇಕಾದ ಹೊಸ ನೀರು ಅದರಿಂದ ಹುಟ್ಟದು.

ಹೋಗುವುದು ಹೇಗೆ?

ಬೆಂಗಳೂರಿನಿಂದ ಶ್ರೀನಗರಕ್ಕೆ ವಿಮಾನದಲ್ಲಿ ಹೋಗಬಹುದು. ರೈಲಿನಲ್ಲಿ ಹೋಗುವವರು ದೆಹಲಿಯ ಮೂಲಕ ಕಟ್ರಾ ತಲುಪಿ, 2025ರ ಜೂನ್‌ನಲ್ಲಿ ತೆರೆದ ಹಳಿಯ ಮೇಲೆ 359 ಮೀಟರ್ ಎತ್ತರದ ಚೀನಾಬ್ ಸೇತುವೆ ದಾಟಿ ಶ್ರೀನಗರ ಸೇರಬಹುದು. ಅಲ್ಲಿಂದ ಗುಲ್ಮಾರ್ಗಕ್ಕೆ ಬಾಡಿಗೆ ವಾಹನಗಳಿವೆ. ಹಿಮ ನೋಡಲು ಫೆಬ್ರುವರಿ ಒಳ್ಳೆಯ ಕಾಲ. ಹೊರಡುವ ಮುನ್ನ ಹವಾಮಾನ ವರದಿ ನೋಡಿಕೊಳ್ಳಬೇಕು. ಒಂದು ದಪ್ಪ ಉಡುಪಿಗಿಂತ ಮೂರು ತೆಳು ಉಡುಪು ಮೇಲು, ಪದರಗಳ ನಡುವಿನ ಗಾಳಿಯೇ ಬೆಚ್ಚನೆಯ ಹೊದಿಕೆ. ಹಿಮ ಬಿಸಿಲನ್ನು ಕನ್ನಡಿಯಂತೆ ಹಿಂದಿರುಗಿಸುವುದರಿಂದ ಮಕ್ಕಳಿಗೆ ಕಪ್ಪು ಕನ್ನಡಕ ಬೇಕು. ಮೊದಲ ದಿನ ಓಡಾಟ ಬೇಡ. ಸ್ಕೀಯಿಂಗ್ ಕಲಿಯಬಯಸುವ ವಿದ್ಯಾರ್ಥಿಗಳಿಗೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ತರಬೇತಿ ಸಂಸ್ಥೆಯೊಂದು ಅಲ್ಲಿಯೇ ಇದೆ.

ಮಕ್ಕಳ ಚೀಲದಲ್ಲಿ ಒಂದು ಪಾರದರ್ಶಕ ಡಬ್ಬಿ, ಒಂದು ಅಳತೆಪಟ್ಟಿ ಇರಲಿ. ಡಬ್ಬಿಗೆ ಹಿಮ ತುಂಬಿ, ಅದರ ಎತ್ತರ ಅಳೆದು, ರಾತ್ರಿ ಕೋಣೆಯಲ್ಲಿ ಕರಗಲು ಬಿಟ್ಟು, ಬೆಳಿಗ್ಗೆ ತಳದಲ್ಲಿ ಉಳಿದ ನೀರನ್ನೂ ಅಳೆದು ಬರೆದುಕೊಳ್ಳಲಿ.